ಬೀಗ ಹಾಕಿದ ಸೈಕಲ್ಲೂ ಬಾಲಿಕೆಯರ ವಿದ್ಯೆಯೂ

ಸೈಕಲ್ಲಿನ ಗಂಟೆಯು ಅಲ್ಪವಾದ ವಸ್ತು. ಟಯರಿನ ವಾಲ್ವು ಅದಕ್ಕಿಂತಲೂ ಅಲ್ಪವಾದುದು. ಕಳೆದುಹೋದರೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ಮತ್ತೊಂದನ್ನು ಹಾಕಿಸಿಕೊಳ್ಳಬಹುದು. ಇಂತಹ ಸಣ್ಣ ವಿಷಯವನ್ನು ಕುರಿತು ಒಂದು ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಉಚಿತವೆಂದೇ ನಮ್ಮ ಅಭಿಪ್ರಾಯ. ಬೀಗ ಹಾಕಿ ನಿಲ್ಲಿಸಿದ ಸೈಕಲ್ಲಿನಿಂದ ಗಂಟೆ, ಸೀಟು, ಪೆಡಲುಗಳನ್ನು ಕಳಚಿಕೊಂಡು ಹೋಗುವುದು, ಗಾಳಿ ಬಿಡುವುದು, ಸೀಟನ್ನು ಹರಿಯುವುದು, ಚಕ್ರದ ಕಡ್ಡಿಗಳನ್ನು ಬಗ್ಗಿಸುವುದು, ಇವು ಬಾಲಿಕೆಯರ ವಿಷಯದಲ್ಲಿ ಕೇವಲ ಸೊತ್ತಿನ ನಷ್ಟವಲ್ಲ. ಅವರ ವಿದ್ಯಾಭ್ಯಾಸಕ್ಕೇ ತಗಲುವ ನಷ್ಟ. ಈ ನಷ್ಟವನ್ನು ತಡೆಯುವ ಹೊಣೆಯು ಬಾಲಿಕೆಯೊಬ್ಬಳದೇ ಅಲ್ಲ, ಹಿರಿಯರಾದ ನಮ್ಮೆಲ್ಲರದು ಎಂಬುದೇ ನಾವು ಇಲ್ಲಿ ಹೇಳಬೇಕೆಂದಿರುವ ಮಾತು.

ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ನಡುವೆ ಸುಮಾರು 20 ಕಿಲೋಮೀಟರುಗಳ ಅಂತರ. ಮಾಚೇನಹಳ್ಳಿ, ನಿದಿಗೆ, ಬಿದರೆ ಮೊದಲಾದ ಊರುಗಳು ಈ ದಾರಿಯ ಮೇಲೆಯೇ ಇವೆ. ಒಳಗಿನ ಹಳ್ಳಿಗಳಿಂದ ಈ ಹೆದ್ದಾರಿಗೆ ಬಂದು ಸೇರುವ ರಸ್ತೆಗಳು ಹಲವು. 2023ನೆಯ ಇಸವಿ ಜೂನ್ 11ರಂದು ಶಕ್ತಿ ಯೋಜನೆಯು ಜಾರಿಗೆ ಬಂದ ಮೇಲೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಸ್ತ್ರೀಯರಿಗೂ ಬಾಲಿಕೆಯರಿಗೂ ಪ್ರಯಾಣದ ಖರ್ಚು ಇಲ್ಲದಂತಾಯಿತು. ಆದರೆ ಬಸ್ಸು ಮನೆಯ ಬಾಗಿಲಿಗೆ ಬರುವುದಿಲ್ಲ. ಮನೆಯಿಂದ ಬಸ್ಸು ನಿಲ್ಲುವ ಸ್ಥಳದವರೆಗಿನ ಎರಡು ಮೂರು ಕಿಲೋಮೀಟರುಗಳ ದಾರಿಯನ್ನು ಬಾಲಿಕೆಯು ಸೈಕಲ್ಲಿನ ಮೇಲೆ ಕ್ರಮಿಸುತ್ತಾಳೆ. ಅಲ್ಲಿ ಮರದ ಕೆಳಗೋ ಅಂಗಡಿಯ ಪಕ್ಕದಲ್ಲಿಯೋ ಸೈಕಲ್ಲಿಗೆ ಬೀಗ ಹಾಕಿ ಬಸ್ಸು ಹತ್ತಿದಳೆಂದರೆ, ಬೆಳಗಿನಿಂದ ಸಾಯಂಕಾಲದವರೆಗೆ ಆ ಸೈಕಲ್ಲಿಗೆ ಕಾವಲೆಂಬುದಿಲ್ಲ.

ಸೈಕಲ್ಲು ನಮ್ಮ ಸೀಮೆಗೆ ಹೊಸದಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಪಾಳಿ ತಪ್ಪದೆ ಕೆಲಸಕ್ಕೆ ಹೋಗುತ್ತಿದ್ದ ಕಾರ್ಮಿಕರಿಗೆ ಸೈಕಲ್ಲೇ ಆಧಾರವಾಗಿದ್ದಿತು. ಇಟಲಿಯ ವಿತ್ತೋರಿಯೊ ಡಿ ಸಿಕಾ ಎಂಬವರು 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಎಂಬ ಚಲಚ್ಚಿತ್ರದಲ್ಲಿ, ಬಹು ದಿನಗಳ ಮೇಲೆ ಕೆಲಸ ಸಿಕ್ಕಿದ ಒಬ್ಬ ಬಡವನ ಸೈಕಲ್ಲು ಮೊದಲನೆಯ ದಿನವೇ ಕಳವಾಗುತ್ತದೆ. ಸೈಕಲ್ಲಿಲ್ಲದೆ ಆ ಕೆಲಸ ನಡೆಯದು. ಸೈಕಲ್ಲು ಹೋದರೆ ಅನ್ನವೇ ಹೋಗುವುದೆಂಬುದನ್ನು ನಮ್ಮ ಕಾರ್ಮಿಕ ಕುಟುಂಬಗಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬಾಲಿಕೆಗೂ ಅದೇ ನ್ಯಾಯ ಅನ್ವಯಿಸುವುದು. ಅವಳಿಗೆ ಸೈಕಲ್ಲು ಹೋದರೆ ವಿದ್ಯೆಯೇ ಹೋಗುವ ಸಂಭವವುಂಟು.

ಇದು ಬರಿಯ ಊಹೆಯ ಮಾತಲ್ಲ. ಬಿಹಾರ ಸರಕಾರವು 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರಿದ ಬಾಲಿಕೆಯರಿಗೆ ಸೈಕಲ್ಲು ಕೊಳ್ಳಲು ಹಣ ಕೊಡುವ ಯೋಜನೆಯನ್ನು ತಂದಿತು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರಿದ ಬಾಲಿಕೆಯರ ಪ್ರಮಾಣವು ನೂರಕ್ಕೆ 32ರಷ್ಟು ಹೆಚ್ಚಿತು. ಬಾಲಕ ಬಾಲಿಕೆಯರ ನಡುವಿನ ಅಂತರವು ನೂರಕ್ಕೆ 40ರಷ್ಟು ಕಡಿಮೆಯಾಯಿತು. ನಮ್ಮ ಕರ್ನಾಟಕದಲ್ಲಿಯೂ 2006–07ರಲ್ಲಿ ಎಂಟನೆಯ ತರಗತಿಯ ಬಡ ಬಾಲಿಕೆಯರಿಗೆ ಸೈಕಲ್ಲು ಕೊಡುವ ಯೋಜನೆ ಆರಂಭವಾಗಿ, ಮರುವರ್ಷ ಬಾಲಕರಿಗೂ ವಿಸ್ತರಿಸಿತು. ಕೋವಿಡ್ ವ್ಯಾಧಿಯ ಕಾಲದಲ್ಲಿ, 2020–21ರಲ್ಲಿ, ಆ ವಿತರಣೆಯು ನಿಂತಿತು. ಆ ಮೇಲೆ ಹೈಸ್ಕೂಲು ಸೇರಿದ ಅನೇಕ ಬಾಲಿಕೆಯರ ಕೈಯಲ್ಲಿರುವುದು ತಂದೆಯು ಕೂಡಿಟ್ಟ ಹಣದಿಂದ ಕೊಂಡ ಸೈಕಲ್ಲು, ಇಲ್ಲವೇ ಅಕ್ಕನಿಂದ ತಂಗಿಗೆ ಬಂದ ಸೈಕಲ್ಲು. ಅದು ಹೋದರೆ ಮತ್ತೊಂದು ಸುಲಭವಾಗಿ ಬಾರದು.

ಇನ್ನು ಕಳವಾದ ದಿನ ನಡೆಯುವುದೇನೆಂಬುದನ್ನು ವಿಚಾರಿಸೋಣ. ಸಾಯಂಕಾಲ ಬಸ್ಸಿನಿಂದಿಳಿದ ಬಾಲಿಕೆಯು ಸೈಕಲ್ಲಿನ ಬಳಿ ಬಂದು ನೋಡಿದರೆ, ಬೀಗವೇನೋ ಇದ್ದಂತೆಯೇ ಇದೆ; ಆದರೆ ಸೀಟಿಲ್ಲ, ಅಥವಾ ಎರಡು ಚಕ್ರಗಳಲ್ಲಿಯೂ ಗಾಳಿಯಿಲ್ಲ. ಕತ್ತಲಾಗುವ ಹೊತ್ತು. ಸೈಕಲ್ಲನ್ನು ತಳ್ಳಿಕೊಂಡು ಆ ದಾರಿಯನ್ನೆಲ್ಲ ಅವಳು ನಡೆಯಬೇಕು. ಗಾಳಿ ಬಿಟ್ಟವರು ಅಲ್ಲಿಯೇ ಸ್ವಲ್ಪ ದೂರದಲ್ಲಿ ನಿಂತು ನಗುತ್ತಿರುವುದೂ ಉಂಟು. ಇದನ್ನು ಹುಡುಗಾಟವೆಂದು ಕರೆಯುವವರಿಗೆ ನಾವು ಹೇಳತಕ್ಕದ್ದೇನೆಂದರೆ, ಬಾಲಿಕೆಯನ್ನು ನಿರ್ಜನವಾದ ದಾರಿಯಲ್ಲಿ ಬೇಕೆಂದೇ ತಡೆದು ನಿಲ್ಲಿಸುವುದಕ್ಕೂ ಅವಳ ಸೈಕಲ್ಲಿನ ಗಾಳಿ ಬಿಡುವುದಕ್ಕೂ ಫಲದಲ್ಲಿ ಭೇದವಿಲ್ಲ.

ಮನೆಯಲ್ಲಿ ಆಗುವುದು ಇದಕ್ಕಿಂತಲೂ ಶೋಚನೀಯ. ತಂದೆ ಸಿಟ್ಟಾಗುತ್ತಾರೆ, ತಾಯಿ ಹೆದರುತ್ತಾರೆ, ಅಜ್ಜಿಯವರು, "ನಾಳೆಯಿಂದ ಸೈಕಲ್ಲು ಬೇಡ ಮಗು" ಎನ್ನುತ್ತಾರೆ. ಮೊದಲು ಸೈಕಲ್ಲು ನಿಲ್ಲುತ್ತದೆ. ಆ ಬಳಿಕ ಬೆಳಗಿನ ಬಸ್ಸು ತಪ್ಪುತ್ತದೆ. ಮೊದಲನೆಯ ಪಾಠ ತಪ್ಪುತ್ತದೆ. ಸಂಜೆಯ ವಿಶೇಷ ತರಗತಿ ತಪ್ಪುತ್ತದೆ. ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದಾಗ, ಓದಿನಲ್ಲಿ ಅವಳಿಗೆ ಆಸಕ್ತಿಯಿಲ್ಲವೆಂದು ಮನೆಯವರು ತೀರ್ಮಾನಿಸುತ್ತಾರೆ. ಹೀಗೆ ಕದ್ದವನಿಗೆ ಶಿಕ್ಷೆಯಿಲ್ಲ, ಕಳೆದುಕೊಂಡವಳಿಗೆ ಶಿಕ್ಷೆಯಾಗುತ್ತದೆ. ಈ ವಿಪರೀತವನ್ನು ನಾವು ಒಪ್ಪಲಾರೆವು.

ಕೆಲವರು, ಇದೆಲ್ಲ ಬಡತನದ ಫಲ, ಬಡತನ ಹೋಗುವವರೆಗೆ ಇದು ಹೋಗದು ಎನ್ನುವರು. ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ಸಂಪನ್ನ ದೇಶವೆನಿಸಿದ ಫ್ರಾನ್ಸಿನಲ್ಲಿ, ಪ್ಯಾರಿಸ್ ಮೊದಲಾದ ನಗರಗಳ ಬೀದಿಗಳಲ್ಲಿ ಬಾಡಿಗೆಯ ಸೈಕಲ್ಲುಗಳನ್ನು ನಿಲ್ಲಿಸಿದ್ದ ಗೋಬೀ ಬೈಕ್ ಎಂಬ ಸಂಸ್ಥೆಯು, ಜನರು ಅವುಗಳನ್ನು ಕದಿಯುವುದನ್ನೂ ಮುರಿಯುವುದನ್ನೂ ತಾಳಲಾರದೆ 2018ರ ಫೆಬ್ರವರಿಯಲ್ಲಿ ಆ ದೇಶದ ವ್ಯವಹಾರವನ್ನೇ ಮುಚ್ಚಿತು. ಯಾರೂ ನೋಡುತ್ತಿಲ್ಲ, ಯಾರೂ ಕೇಳುವುದಿಲ್ಲ ಎಂಬ ಭಾವನೆಯಿದ್ದಲ್ಲಿ ಉಳ್ಳವರ ಊರಿನಲ್ಲಿಯೂ ಕೈ ಮುಂದಾಗುವುದು. ಆದುದರಿಂದ ನೋಡುವವರೂ ಕೇಳುವವರೂ ಇರುವಂತೆ ಮಾಡುವುದೇ ಇದಕ್ಕೆ ತಕ್ಕ ಚಿಕಿತ್ಸೆ.

ಮೊದಲನೆಯದಾಗಿ ಮನೆಯಲ್ಲಿ ಮಾಡಬಹುದಾದ ಕೆಲಸಗಳು. ಹಿಂಬದಿಯ ಚಕ್ರಕ್ಕೆ ಬಳೆಯಂತೆ ಕೂಡಿಕೊಳ್ಳುವ ಬೀಗವು ಚಕ್ರ ಉರುಳದಂತೆ ತಡೆಯುತ್ತದೆಯೇ ಹೊರತು, ಸೈಕಲ್ಲನ್ನು ಎತ್ತಿಕೊಂಡು ಹೋಗದಂತೆಯಾಗಲಿ ಭಾಗಗಳನ್ನು ಬಿಚ್ಚದಂತೆಯಾಗಲಿ ತಡೆಯಲಾರದು. ಅದರ ಜೊತೆಗೆ ಗಟ್ಟಿಯಾದ ಸರಪಳಿಯೊಂದನ್ನು ಚೌಕಟ್ಟಿಗೂ ಮುಂದಿನ ಚಕ್ರಕ್ಕೂ ಸೇರಿಸಿ, ನೆಲದಲ್ಲಿ ನೆಟ್ಟ ಕಂಬಕ್ಕೆ ಕಟ್ಟತಕ್ಕದ್ದು. ಸೀಟು ಕಳವಾಗದಂತೆ ಮಾಡಲು ಒಂದು ಸುಲಭ ಉಪಾಯವುಂಟು. ಸವೆದ ಹಳೆಯ ಚೈನಿನ ತುಂಡನ್ನು ಹಳೆಯ ಟ್ಯೂಬಿನೊಳಗೆ ತೂರಿಸಿ, ಸೀಟಿನ ಅಡಿಯ ಕಂಬಿಗೂ ಚೌಕಟ್ಟಿಗೂ ಸುತ್ತಿ, ಕೊಂಡಿಯನ್ನು ಬಿಗಿದುಬಿಟ್ಟರೆ ಬರಿಯ ಸ್ಪ್ಯಾನರಿನಿಂದ ಅದನ್ನು ಬಿಚ್ಚಿಕೊಂಡು ಹೋಗುವುದಕ್ಕಾಗದು. ಯಾವ ಸೈಕಲ್ ಅಂಗಡಿಯವರಾದರೂ ಇದನ್ನು ಸ್ವಲ್ಪ ಹೊತ್ತಿನಲ್ಲಿ ಮಾಡಿಕೊಡಬಲ್ಲರು. ಗೇರಿನ ಸೈಕಲ್ಲುಗಳಲ್ಲಿ ಚಕ್ರವನ್ನೂ ಸೀಟನ್ನೂ ಬರಿಯ ಕೈಯಿಂದಲೇ ಸಡಿಲಿಸುವ ಹಿಡಿಕೆಗಳಿರುವುದುಂಟು. ಅವುಗಳನ್ನು ತೆಗೆಯಿಸಿ ನಟ್ಟು ಬೋಲ್ಟುಗಳನ್ನು ಹಾಕಿಸುವುದು ಒಳ್ಳೆಯದು. ಬಿಚ್ಚಿ ತೆಗೆಯಬಹುದಾದ ದೀಪವನ್ನು ಪುಸ್ತಕದ ಚೀಲದಲ್ಲಿಯೇ ಇಟ್ಟುಕೊಳ್ಳಲಿ. ಕೈಪಂಪೂ ಒಂದು ಹೆಚ್ಚಿನ ವಾಲ್ವೂ ಜೊತೆಯಲ್ಲಿದ್ದರೆ, ಗಾಳಿ ಬಿಟ್ಟವರ ಆಟ ಐದು ನಿಮಿಷದಲ್ಲಿ ಮುಗಿಯುವುದು. ಪಂಕ್ಚರ್ ಹಾಕುವುದನ್ನೂ ಚೈನು ಕೂಡಿಸುವುದನ್ನೂ ಪ್ರತಿಯೊಬ್ಬ ಬಾಲಿಕೆಯೂ ಕಲಿತಿರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಹೊಲಿಗೆ ಕಲಿಯುವ ಕೈಗೆ ಸ್ಪ್ಯಾನರು ಭಾರವಾಗದು.

ಎರಡನೆಯದು ಸ್ಥಳದ ವಿಷಯ. ಹಿಂದಿನ ಕಾಲದಲ್ಲಿ ಪುರಸಭೆಗಳು ಸೈಕಲ್ಲುಗಳ ಮೇಲೆ ತೆರಿಗೆ ವಿಧಿಸಿ, ಹಣ ಕಟ್ಟಿದವರಿಗೆ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಆ ತೆರಿಗೆ ಮತ್ತೆ ಬರಲೆಂದು ನಾವು ಹೇಳುವುದಿಲ್ಲ. ಆದರೆ ಸೈಕಲ್ಲಿಗೊಂದು ಗುರುತು, ಆ ಗುರುತಿಗೊಂದು ಲೆಕ್ಕ ಇರಬೇಕೆಂಬ ವಿವೇಕವು ಅದರಲ್ಲಿ ಇದ್ದಿತು. ಸೀಟಿನ ಕೆಳಗಿನ ಕಂಬದ ಮೇಲಾಗಲಿ, ಪೆಡಲು ತಿರುಗುವ ಅಚ್ಚಿನ ಅಡಿಯಲ್ಲಾಗಲಿ ಪ್ರತಿಯೊಂದು ಸೈಕಲ್ಲಿಗೂ ಒಂದು ಸಂಖ್ಯೆಯನ್ನು ಒತ್ತಿರುತ್ತಾರೆ. ಪೋಷಕರು ಅದನ್ನು ಬರೆದಿಡಲಿ. ಶಾಲೆಗಳೂ ಒಂದು ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳಲಿ. ಬಸ್ಸು ನಿಲ್ಲುವ ಸ್ಥಳಗಳಲ್ಲಿ ಪಂಚಾಯಿತಿಯವರೂ ನಗರಗಳಲ್ಲಿ ನಗರಾಡಳಿತದವರೂ, ಜನ ಓಡಾಡುವ ಕಡೆಯಲ್ಲಿ, ಬೆಳಕಿನ ಕೆಳಗೆ, ಹತ್ತು ಸೈಕಲ್ಲುಗಳನ್ನು ಕಟ್ಟಬಹುದಾದ ಕಬ್ಬಿಣದ ಕಂಬಿಗಳನ್ನು ನೆಡಿಸಿದರೆ ಸಾಕು. ಕಬ್ಬಿಣಕ್ಕೆ ಹೆಸರಾದ ಭದ್ರಾವತಿಯ ಸೀಮೆಯಲ್ಲಿ ಸೈಕಲ್ಲು ಕಟ್ಟುವುದಕ್ಕೆ ನಾಲ್ಕು ಕಂಬಿ ಸಿಕ್ಕದೆಂದರೆ ನಗೆಗೀಡಾಗುವ ಮಾತು. ಅಲ್ಲಿಯ ಅಂಗಡಿಯವರನ್ನು ಒಮ್ಮೆ ಕಂಡು, "ಸ್ವಲ್ಪ ನೋಡಿಕೊಳ್ಳಿ" ಎಂದು ತಂದೆತಾಯಿಗಳು ವಿನಯದಿಂದ ಹೇಳಿಬರುವುದು ಯಾವ ಬೀಗಕ್ಕೂ ಕಡಿಮೆಯಾದ ಕಾವಲಲ್ಲ.

ಮೂರನೆಯದು, ಕೊಳ್ಳುವವರ ವಿಷಯ. ಕದ್ದ ಸೀಟಿನಿಂದ ಕದ್ದವನಿಗೆ ನೇರವಾದ ಪ್ರಯೋಜನವಿಲ್ಲ. ಅದನ್ನು ಕೊಳ್ಳುವವರಿರುವುದರಿಂದಲೇ ಅದು ಕಳವಾಗುತ್ತದೆ. ಗುಜರಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ನಾವು ಕೊಳ್ಳುವ ಪೆಡಲು ಯಾವ ಬಾಲಿಕೆಯ ಸೈಕಲ್ಲಿನದೋ ಎಂದು ಕೇಳುವ ಅಭ್ಯಾಸವಾಗಬೇಕು. ಕದ್ದ ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದು, ಅಪ್ರಾಮಾಣಿಕತೆಯಿಂದ ಅದನ್ನು ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ ಮೂರು ವರುಷಗಳವರೆಗೆ ಸೆರೆಮನೆ ವಿಧಿಸಬಹುದಾದ ಅಪರಾಧ.

ಕಾನೂನಿನ ಮಾತು ಬಂದುದರಿಂದ ಮತ್ತೊಂದು ಸಂಗತಿಯನ್ನೂ ಪೋಷಕರು ತಿಳಿದಿರಬೇಕು. 2024ನೆಯ ಇಸವಿ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ ಪ್ರಕಾರ, 5,000 ರೂಪಾಯಿಗೆ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲನೆಯ ಸಾರಿ ಅಪರಾಧಿಯೆಂದು ತೀರ್ಮಾನವಾದವನು ಆ ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ವಿಧಿಸಲಾಗುವುದು. ಸೈಕಲ್ಲಿನ ಭಾಗಗಳ ಕಳವು ಬಹುಮಟ್ಟಿಗೆ ಈ ವರ್ಗಕ್ಕೇ ಸೇರಿದುದು. ಇಷ್ಟು ಕಡಿಮೆ ಬೆಲೆಯ ಕಳವಿನಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೋಲೀಸರು ತನಿಖೆ ನಡೆಸುವಂತಿಲ್ಲ. ಆದರೆ ದೂರಿನ ಸಾರಾಂಶವನ್ನು ಠಾಣೆಯ ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳತಕ್ಕದ್ದುಂಟು. ಇಷ್ಟರಿಂದ ಏನು ಪ್ರಯೋಜನವೆಂದು ಸುಮ್ಮನಿರಬಾರದು. ಒಬ್ಬಳ ಗಂಟೆಯ ದೂರು ಸಣ್ಣದು. ಒಂದೇ ಸ್ಥಳದಿಂದ ಬಂದ ಹತ್ತು ದೂರುಗಳು ಸಣ್ಣವಲ್ಲ. ಅವು ಒಟ್ಟಾಗಿ ದಾಖಲಾದರೆ ಆ ಸ್ಥಳಕ್ಕೆ ಬೀಟಿನ ಪೇದೆಯೂ ಬರುವರು, ದೀಪವೂ ಬರುವುದು.

ಸಿಕ್ಕಿಬಿದ್ದವರು ಅನೇಕ ವೇಳೆ ಚಿಕ್ಕ ಹುಡುಗರೇ ಆಗಿರುವರು. ಅವರನ್ನು ಕಂಬಕ್ಕೆ ಕಟ್ಟಿ ಹೊಡೆಯಬೇಕೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದು ಅಪರಾಧದ ಮೇಲೆ ಅಪರಾಧ. ಹೋಗಲಿ ಬಿಡಿ ಎನ್ನುವವರ ಮಾತನ್ನೂ ಒಪ್ಪುವುದಿಲ್ಲ. ಹದಿನೆಂಟು ತುಂಬದವರಿಗೆ ಸಮುದಾಯ ಸೇವೆಯನ್ನು ವಿಧಿಸುವ ಅಧಿಕಾರವು 2015ರ ಬಾಲನ್ಯಾಯ ಕಾಯಿದೆಯಲ್ಲಿಯೂ ಇದೆ. ಆ ಕಾಯಿದೆಯ ಅಭಿಪ್ರಾಯವನ್ನೇ ಊರಿನ ಹಿರಿಯರೂ ಶಾಲೆಯವರೂ ಅನುಸರಿಸಬಹುದು. ಹಾಳು ಮಾಡಿದ ಹುಡುಗನು ಪಶ್ಚಾತ್ತಾಪದ ಮಾತಾಡಿ ಹೋದರೆ ಸಾಲದು. ತನ್ನ ಕೈಯಿಂದಲೇ ಆ ಸೈಕಲ್ಲನ್ನು ಸರಿಪಡಿಸಬೇಕು. ಬಗ್ಗಿದ ಕಡ್ಡಿಯನ್ನು ನೇರ ಮಾಡುವಾಗ, ಮುರಿಯುವುದಕ್ಕೆ ಹಿಡಿದ ಹೊತ್ತೆಷ್ಟು, ಕಟ್ಟುವುದಕ್ಕೆ ಹಿಡಿಯುವ ಹೊತ್ತೆಷ್ಟು ಎಂಬುದು ಅವನಿಗೆ ತಾನಾಗಿಯೇ ತಿಳಿದುಬರುವುದು. ಆ ಕೆಲಸವನ್ನು ಕಲಿತ ಹುಡುಗನು ನಾಳೆ ಅದರಿಂದಲೇ ಜೀವನ ಮಾಡಿಯಾನು.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಒಂದೇ. ಸೈಕಲ್ಲಿನ ಸೀಟು ಕಳವಾದ ದಿನ ಮಗಳನ್ನು ಗದರಿಸಬೇಡಿರಿ, "ನೀನೇಕೆ ಅಲ್ಲಿ ನಿಲ್ಲಿಸಿದೆ?" ಎಂಬುದು ಮೊದಲನೆಯ ಪ್ರಶ್ನೆಯಾಗದಿರಲಿ. ಮರುದಿನವೇ ಸೀಟನ್ನು ಹಾಕಿಸಿ ಅವಳನ್ನು ಹೊರಡಿಸಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಅಧ್ಯಾಪಕಿಯರೂ ವಕೀಲರೂ ಪಂಚಾಯಿತಿಯ ಸದಸ್ಯೆಯರೂ ಅಂಗಡಿಗಳ ಯಜಮಾನಿಯರೂ ಇದ್ದೀರಿ. ನಿಮ್ಮ ಊರಿನ ಬಸ್ಸು ನಿಲ್ಲುವ ಸ್ಥಳದಲ್ಲಿ ಬಾಲಿಕೆಯರ ಸೈಕಲ್ಲುಗಳು ಎಲ್ಲಿ ನಿಂತಿವೆ, ಅವುಗಳನ್ನು ನೋಡುವವರು ಯಾರು ಎಂಬುದನ್ನು ಈ ವಾರ ಒಮ್ಮೆ ವಿಚಾರಿಸಿರಿ. ಅಲ್ಲಿ ಕಂಬಿಯಿಲ್ಲದಿದ್ದರೆ ಪಂಚಾಯಿತಿಗೆ ಒಂದು ಅರ್ಜಿಯನ್ನು ಬರೆಯಿರಿ. ಬೀಗವನ್ನು ಬಾಲಿಕೆಯು ಹಾಕಿಕೊಳ್ಳುವಳು. ಕಾವಲನ್ನು ಒದಗಿಸಬೇಕಾದವರು ನಾವು.