ಹಳ್ಳದ ಮರಳಿನ ಚಿನ್ನಕ್ಕೆ ಕಿರು ಪರವಾನಗಿ ಅಗತ್ಯ

ಚಿನ್ನದ ಧಾರಣೆ ಏರಿದಾಗಲೆಲ್ಲ ಹಳೆಯ ಗಣಿಗಳ ಮಾತು ಮೇಲೇಳುವುದು ಕನ್ನಡನಾಡಿಗೆ ಹೊಸದಲ್ಲ. ಆದರೆ ಆ ಚರ್ಚೆಯೆಲ್ಲ ಆಳದ ಸುರಂಗ ಹಾಗೂ ಕೋಟಿಗಟ್ಟಲೆ ಬಂಡವಾಳದ ಸುತ್ತಲೇ ಸುತ್ತುತ್ತದೆ. 2001ರ ಫೆಬ್ರವರಿ 28ರಂದು ಮುಚ್ಚಿಹೋದ ಕೋಲಾರದ ಗಣಿಗಳ ಕಥೆಯೂ ಸುರಂಗದಿಂದ ಆರಂಭವಾದುದಲ್ಲ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅಲ್ಲಿ ಕಂಡದ್ದು, ಗ್ರಾಮಸ್ಥರು ಮಣ್ಣನ್ನು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ದೃಶ್ಯವನ್ನು.

ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ತಲೆಮಾರುಗಳಿಂದ ಇದೇ ಕಸುಬು ನಡೆಸಿದವರು. ಮಳೆ ಬಿದ್ದು ಹಳ್ಳ ಹರಿದ ಮೇಲೆ ತಿರುವುಗಳಲ್ಲಿ ತಂಗಿದ ಮರಳನ್ನು ತೊಳೆದು, ಉಳಿದ ಕರಿಮರಳಿನಿಂದ ಚಿನ್ನ ಬೇರ್ಪಡಿಸುವುದು ಅವರ ವಿದ್ಯೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಕುರಿತು ಬರೆದರು. ಅನಂತರ ಕಂಪನಿಗಳು ಬಂದವು, ಹೋದವು. ಇಂದು ಕಪ್ಪತಗುಡ್ಡ ವನ್ಯಜೀವಿಧಾಮವಾಗಿದೆ. ಅಲ್ಲಿ ಈ ಕಸುಬನ್ನು ಮರಳಿ ತರುವ ಮಾತು ಸಲ್ಲದು.

ಆದರೆ ಧಾರವಾಡ ಶಿಲಾಪಟ್ಟಿ ಕಪ್ಪತಗುಡ್ಡಕ್ಕೇ ಮುಗಿಯುವುದಿಲ್ಲ. ಬಾಬಾಬುಡನ್‌ಗಿರಿಯಿಂದ ಶಿವಮೊಗ್ಗದ ಕಡೆಗೆ ಹರಡಿದ ಅದೇ ಶಿಲಾಸಮೂಹದ ಸೆರಗಿನಲ್ಲಿ ತರೀಕೆರೆ ಸೀಮೆಯಿದೆ. ಅಮೃತಾಪುರದ ರೈತನೊಬ್ಬ ತನ್ನ ಹೊಲದಂಚಿನ ಹಳ್ಳದ ಮರಳನ್ನು ಚಿನ್ನಕ್ಕಾಗಿ ತೊಳೆದು ಮಾರಲು ಬಯಸಿದನೆಂದುಕೊಳ್ಳೋಣ. ಅವನು ಯಾವ ಕಚೇರಿಯ ಬಾಗಿಲು ತಟ್ಟಬೇಕು?

1957ರ ಗಣಿ ಮತ್ತು ಖನಿಜ ಕಾಯ್ದೆಯ ದೃಷ್ಟಿಯಲ್ಲಿ ಮರದ ಮರಿಗೆ ಹಿಡಿದವನಿಗೂ ಸುರಂಗ ಕೊರೆಯುವ ಕಂಪನಿಗೂ ಬೇರೆ ಬೇರೆ ದಾರಿಗಳಿಲ್ಲ. ಚಿನ್ನವು ಉಪಖನಿಜವಲ್ಲವಾದ್ದರಿಂದ ರಾಜ್ಯ ಸರ್ಕಾರ ತಾನೇ ನಿಯಮ ರೂಪಿಸಿ ಅನುಮತಿ ಕೊಡಲಾಗದು. 2015ರ ತಿದ್ದುಪಡಿಯ ಬಳಿಕ ಹರಾಜೇ ಹಾದಿ. 2023ರ ತಿದ್ದುಪಡಿ ತಂದ ಅನ್ವೇಷಣಾ ಪರವಾನಗಿಯೂ ಆಳದ ನಿಕ್ಷೇಪಗಳನ್ನು ಉದ್ದೇಶಿಸಿದ್ದು. ಪರವಾನಗಿಯಿಲ್ಲದೆ ತೆಗೆದರೆ ಜೈಲುವಾಸದ ಶಿಕ್ಷೆಯುಂಟು. ಬಡವನ ಕಸುಬು ಹೀಗೆ ಕಳ್ಳದಾರಿ ಹಿಡಿಯುತ್ತದೆ. ಸಿಕ್ಕಿದ ಚೂರನ್ನು ರಸೀತಿಯಿಲ್ಲದೆ ಕೊಂಡವನು ಹೇಳಿದ್ದೇ ಬೆಲೆ.

ಇತ್ತ ಬಂಡವಾಳ ಹೂಡಲು ಆತುರಪಡುವ ವರ್ತಕ ಬಾಂಧವರಿಗೂ ಒಂದು ಲೆಕ್ಕ ಅವಶ್ಯ. ಇಬ್ಬರು ಕೆಲಸಗಾರರು ಅಡ್ಡಪಟ್ಟಿಗಳಿರುವ ಇಳಿಜಾರು ತೊಟ್ಟಿಯಲ್ಲಿ ದಿನಕ್ಕೆ 3 ಘನ ಮೀಟರ್ ಮರಳು ತೊಳೆಯುತ್ತಾರೆ ಎನ್ನೋಣ. ಘನ ಮೀಟರಿಗೆ 0.2 ಗ್ರಾಂ ಚಿನ್ನವಿದ್ದು, ಅದರಲ್ಲಿ ನೂರಕ್ಕೆ 70 ಭಾಗ ಕೈಸೇರಿದರೆ ದೊರೆಯುವುದು 0.42 ಗ್ರಾಂ. ಗ್ರಾಮಿಗೆ 10,000 ರೂ. ಹಿಡಿದರೆ 4,200 ರೂ. ಮರಳಿನ ಚಿನ್ನ ಅಪರಂಜಿಯಲ್ಲವಾದ್ದರಿಂದ ಅದರಲ್ಲೂ ಕಡಿತವುಂಟು. ಅದೇ ಮರಳಿನಲ್ಲಿ 0.05 ಗ್ರಾಂ ಮಾತ್ರವಿದ್ದರೆ? ದಿನದ ಒಟ್ಟು ಹುಟ್ಟುವಳಿ 1,050 ರೂ. ಕಡಿತ, ಪಂಪಿನ ಇಂಧನ ಕಳೆದು ಇಬ್ಬರು ಹಂಚಿಕೊಂಡರೆ ತೋಟದ ಕೂಲಿಯೇ ಲೇಸು. ಮಳೆಗಾಲ ಮುಗಿದು ನೀರು ಬತ್ತಿದ ಮೇಲೆ ಅದೂ ಇಲ್ಲ. ಒಂದು ಗುಂಡಿಯ ತಳದಲ್ಲಿ ಮಿಂಚಿದ ಕಣವನ್ನು ನಂಬಿ ಜೆಸಿಬಿ ಬಾಡಿಗೆಗೆ ಹಿಡಿಯುವವರು, ಹಲವು ಗುಂಡಿಗಳ ಮರಳನ್ನು ಅಳೆದು ತೊಳೆದು ಸರಾಸರಿ ಕಂಡುಕೊಳ್ಳುವ ತಾಳ್ಮೆಯನ್ನೇಕೆ ತೋರುವುದಿಲ್ಲವೋ!

ಆಕ್ಷೇಪಗಳು ಇಲ್ಲದಿಲ್ಲ. ಕಿರು ಚಿನ್ನದ ಗಣಿಗಾರಿಕೆಯೇ ಮಾನವನಿಂದ ಪರಿಸರಕ್ಕೆ ಸೇರುವ ಪಾದರಸದ ಅತಿದೊಡ್ಡ ಮೂಲವೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಗುರುತಿಸಿದೆ. ಪಾದರಸ ನಿಯಂತ್ರಣದ ಮಿನಮಾಟ ಒಪ್ಪಂದವನ್ನು ಭಾರತವು 2018ರಲ್ಲಿ ಸ್ಥಿರೀಕರಿಸಿದೆ. ತರೀಕೆರೆ ಸೀಮೆಯ ಹಳ್ಳಗಳ ಕೆಳಗೆ ಅಡಿಕೆ ತೋಟಗಳಿವೆ, ಮುಂದೆ ಭದ್ರಾ ನದಿಯಿದೆ. ತೊಳೆದ ಕೆಸರು ತೋಟದ ಕಾಲುವೆಗೆ ಹರಿದರೆ ಮೊದಲು ಸಿಡಿದೇಳುವವರು ತೋಟಗಾರರೇ, ಮತ್ತು ಅದು ನ್ಯಾಯವೇ.

ಆದರೆ ಈ ಆಕ್ಷೇಪಗಳೆಲ್ಲ ನಿಯಮ ಬೇಕೆಂಬುದಕ್ಕೆ ಆಧಾರವೇ ಹೊರತು ನಿಯಮವೇ ಬೇಡವೆಂಬುದಕ್ಕಲ್ಲ. ಕೊಲಂಬಿಯಾ ದೇಶದ 2001ರ ಗಣಿ ಸಂಹಿತೆಯು ಯಂತ್ರವಿಲ್ಲದೆ ಕೈಯಿಂದ ನದೀಮರಳು ತೊಳೆಯುವವರಿಗೆ ಸ್ಥಳೀಯ ಮೇಯರ್ ಬಳಿ ಹೆಸರು ನೋಂದಾಯಿಸಿದರೆ ಸಾಕೆಂದಿದೆ. ಘಾನಾ ದೇಶವು 1989ರಲ್ಲೇ ಕಿರು ಚಿನ್ನದ ಗಣಿಗಾರಿಕೆಗೆ ಪ್ರತ್ಯೇಕ ಕಾನೂನು ಮಾಡಿತು. ಅಲ್ಲಿ ಯಂತ್ರಗಳು ನುಗ್ಗಿ ನದಿಗಳು ಕೆಂಪಾದುದನ್ನೂ ಮರೆಯಲಾಗದು.

ಆದುದರಿಂದ ವಾಣಿಜ್ಯ ಸಂಘಗಳು ಕೇಂದ್ರ ಗಣಿ ಸಚಿವಾಲಯದ ಮುಂದಿಡಬೇಕಾದ ಬೇಡಿಕೆ ಚಿಕ್ಕದು. ಅರಣ್ಯದ ಹೊರಗೆ, ಯಂತ್ರ ಹಾಗೂ ಪಾದರಸಗಳ ಬಳಕೆಯಿಲ್ಲದೆ ಕೈಯಿಂದ ತೊಳೆಯುವವರಿಗೆ ಗ್ರಾಮ ಪಂಚಾಯತಿಯಲ್ಲಿ ವಾರ್ಷಿಕ ನೋಂದಣಿ. ಕೆಸರು ತಂಗುವ ಗುಂಡಿ ಕಡ್ಡಾಯ. ಚಿನ್ನ ಕೊಳ್ಳುವವರು ತೂಕ ಮತ್ತು ಬೆಲೆ ನಮೂದಿಸಿದ ರಸೀತಿ ಕೊಡಬೇಕು. ಯಂತ್ರ ಇಳಿದ ದಿನವೇ ನೋಂದಣಿ ರದ್ದು. ಇದಕ್ಕೆ ಸಂಸತ್ತಿನಲ್ಲಿ ಕಾಯ್ದೆಯ ತಿದ್ದುಪಡಿ ಬೇಕು. 2015ರಿಂದೀಚೆಗೆ ದೊಡ್ಡ ಗಣಿಗಳ ಸಲುವಾಗಿ ಅದೇ ಕಾಯ್ದೆ ಹಲವು ಬಾರಿ ತಿದ್ದುಪಡಿ ಕಂಡಿದೆ.