ಟ್ರಿಪ್ ಪ್ಲಾನ್ ಅವರದು, ಕೆರೆ ನಮ್ಮದು

ಗ್ಲ್ಯಾಂಪಿಂಗ್ ಅಂತ ಒಂದು ಮಾತು ನಮ್ಮ ಕಡೆಗೂ ಬಂದಿದೆ. ಗ್ಲ್ಯಾಮರ್ ಮತ್ತು ಕ್ಯಾಂಪಿಂಗ್ ಎರಡನ್ನೂ ಸೇರಿಸಿ ಮಾಡಿದ ಪದ. ಕಾಡಿನ ಅಂಚಲ್ಲೋ, ಹೊಳೆ ಕೆರೆ ದಡದಲ್ಲೋ ಟೆಂಟು. ಟೆಂಟಿನೊಳಗೆ ಮಂಚ, ಮೆತ್ತನೆ ಹಾಸಿಗೆ, ಎಸಿ, ಬಿಸಿನೀರಿನ ಬಚ್ಚಲು. ಹೊರಗೆ ಬೆಂಕಿ ಹಾಕಿ ಹಾಡು, ಕುಣಿತ. ಶನಿವಾರ ಮಧ್ಯಾಹ್ನ ಬಂದವರು ಭಾನುವಾರ ಸಂಜೆ ಹೊರಡುತ್ತಾರೆ.

ಈ ಟ್ರಿಪ್ ಪ್ಲಾನ್ ಆಗೋದು ಬೆಂಗಳೂರಿನಲ್ಲಿ, ಮೊಬೈಲ್‌ನಲ್ಲಿ. ಕೆರೆ ಕಾಣಿಸುತ್ತಾ? ಬೆಟ್ಟ ಹತ್ತಿರ ಇದೆಯಾ? ಕಾರು ಟೆಂಟಿನ ತನಕ ಹೋಗುತ್ತಾ? ವೈಫೈ ಸಿಗುತ್ತಾ? ಇಷ್ಟು ಕೇಳಿ ದುಡ್ಡು ಕಟ್ಟುತ್ತಾರೆ. ಆ ಕೆರೆ ಯಾರದು, ಅಲ್ಲಿ ದನ ಯಾವ ಹೊತ್ತಿಗೆ ನೀರು ಕುಡಿಯುತ್ತವೆ, ಟೆಂಟಿನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅವರು ಕೇಳಲಿ ಅಂತ ಕಾಯುವುದೂ ಸರಿಯಲ್ಲ. ಕೇಳಬೇಕಾದವರು ನಾವು, ಅದೂ ಟೆಂಟು ಏಳುವ ಮೊದಲು, ಗ್ರಾಮಸಭೆಯಲ್ಲಿ.

ನಂದಿ ಬೆಟ್ಟ, ಸ್ಕಂದಗಿರಿ ತಪ್ಪಲಲ್ಲಿ ಟೆಂಟ್ ಕ್ಯಾಂಪುಗಳು ಈಗಾಗಲೇ ಇವೆ. ಗುಡಿಬಂಡೆಯ ಅಮಾನಿ ಭೈರಸಾಗರ ಕೆರೆ ಬೆಟ್ಟದ ಮೇಲಿಂದ ಭಾರತದ ನಕ್ಷೆ ತರ ಕಾಣುತ್ತದೆ ಅಂತ ಡ್ರೋನ್ ವಿಡಿಯೋಗಳು ಓಡುತ್ತಿವೆ. ಗೌರಿಬಿದನೂರು ಕಡೆಗೆ ಇದು ಬರುವುದಿಲ್ಲ ಅಂತ ಸುಮ್ಮನಿರುವುದು ಬೇಡ. ಜಮೀನು ಕೇಳಿಕೊಂಡು ಬರುವವರು ಮೊದಲು ಬರುತ್ತಾರೆ, ಟೆಂಟು ಆಮೇಲೆ ಬರುತ್ತದೆ.

ಕುಡುಮಲಕುಂಟೆಯವರಿಗೆ ಜಮೀನಿನ ವಿಚಾರ ಹೊಸದಲ್ಲ. ಕೆಐಎಡಿಬಿಯ ಕೈಗಾರಿಕಾ ಪ್ರದೇಶ ಅಲ್ಲೇ ಇದೆ. ಕಾರ್ಖಾನೆಗೆ ಜಮೀನು ಹೋಗುವುದರ ಬಗ್ಗೆ ಯಾರಿಗೆ ಏನೇ ಅಭಿಪ್ರಾಯ ಇರಲಿ, ಅಲ್ಲಿ ಒಂದು ಕ್ರಮವಾದರೂ ಇದೆ. 28(1) ಅಧಿಸೂಚನೆ ಹೊರಡುತ್ತದೆ, ಸರ್ವೆ ನಂಬರ್ ಅಚ್ಚಾಗುತ್ತದೆ, ನೋಟಿಸ್ ಬರುತ್ತದೆ, ಆಕ್ಷೇಪಣೆ ಹೇಳಲು ಅವಕಾಶ ಇರುತ್ತದೆ. ಟೆಂಟಿಗೆ ಅಷ್ಟೂ ಇಲ್ಲ. ಒಬ್ಬ ರೈತರ ಹತ್ತಿರ ಹನ್ನೊಂದು ತಿಂಗಳ ಕರಾರು ಬರೆಸಿಕೊಂಡು, ತಂತಿಬೇಲಿ ಎಳೆದು, ಲಾರಿಯಲ್ಲಿ ಟೆಂಟು ತಂದು ಇಳಿಸಿದರೆ ಕೆಲಸ ಮುಗಿಯಿತು. ಊರಿಗೆ ಗೊತ್ತಾಗುವುದು ರಾತ್ರಿ ಸ್ಪೀಕರ್ ಕೇಳಿಸಿದಾಗ.

ಕಾನೂನಿನ ಬಾಗಿಲುಗಳೂ ಒಂದೊಂದಾಗಿ ತೆರೆದಿವೆ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ, ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮ ಸೌಲಭ್ಯ ಈಗ ಅರಣ್ಯೇತರ ಬಳಕೆ ಅನ್ನಿಸಿಕೊಳ್ಳುವುದಿಲ್ಲ. ಹೊಲದ ಬಾಗಿಲೂ ತೆರೆಯಿತು, ಕಾಡಿನ ಬಾಗಿಲೂ ತೆರೆಯಿತು. ನಮ್ಮ ಕೈಲಿ ಉಳಿದಿರುವುದು ಪಂಚಾಯ್ತಿ ಬಾಗಿಲು.

ಈಗ ನೀರಿನ ಮಾತಿಗೆ ಬರೋಣ. ನಮ್ಮ ಊರುಗಳ ಹೆಸರಲ್ಲೇ ನೀರಿದೆ. ಕುಡುಮಲಕುಂಟೆಯಲ್ಲಿ ಕುಂಟೆ ಇದೆ, ಪಕ್ಕದ ಊರುಗಳಲ್ಲಿ ಕೆರೆ, ಸಮುದ್ರ, ಸಾಗರ ಇವೆ. ಹೊಳೆ ಮಾತ್ರ ಹೆಸರಿಗಷ್ಟೇ. ನಂದಿ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೆ ಹೋಗುತ್ತದೆ. ದೊಡ್ಡ ಮಳೆ ಬಂದ ವರ್ಷ ಹರಿಯುತ್ತದೆ, ಉಳಿದ ವರ್ಷ ಜಾಲಿ ಬೆಳೆದ ಹಳ್ಳ. ಅಂತರ್ಜಲದ ಸರ್ಕಾರಿ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳು ಅತಿಬಳಕೆಯ ಗುಂಪಿನಲ್ಲಿವೆ. ಅಂದರೆ ಮಳೆಯಿಂದ ಭೂಮಿಗೆ ಇಳಿಯುವುದಕ್ಕಿಂತ ಹೆಚ್ಚು ನೀರನ್ನು ನಾವು ಮೇಲೆ ಎತ್ತುತ್ತಿದ್ದೇವೆ. ಸಾವಿರ ಅಡಿ ಕೊರೆಸಿ ಧೂಳು ನೋಡಿದ ರೈತರು ಪ್ರತಿ ಊರಲ್ಲೂ ಇದ್ದಾರೆ.

ಇಲ್ಲೊಂದು ಲೆಕ್ಕ ಮಾಡಿ. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಟೆಂಟ್ ಕ್ಯಾಂಪಿನಲ್ಲಿ ಈಜುಕೊಳ ಕಟ್ಟಿದರು ಅಂದುಕೊಳ್ಳಿ. ಉದ್ದ 10 ಮೀಟರ್, ಅಗಲ 5 ಮೀಟರ್, ಆಳ ಒಂದೂವರೆ ಮೀಟರ್, ಸಣ್ಣದೇ. ಅದನ್ನು ಒಂದು ಸಲ ತುಂಬಲು 75,000 ಲೀಟರ್ ಬೇಕು. ಅಂದರೆ 1,363 ಜನರ ಒಂದು ದಿನದ ನೀರು. ನಮ್ಮಲ್ಲಿ ಎಷ್ಟೋ ಊರುಗಳಲ್ಲಿ ಅಷ್ಟು ಜನವೇ ಇಲ್ಲ.

ಕೆರೆಗಳ ಕಥೆ ಇನ್ನೂ ವಿಚಿತ್ರ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರೈತರು 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟಿದ್ದು ಶಾಶ್ವತ ನೀರಾವರಿ ಕೇಳಲು. 2014ರಲ್ಲಿ ಶಂಕುಸ್ಥಾಪನೆ ಆದ ಎತ್ತಿನಹೊಳೆಯ ಮೊದಲ ಹಂತ ಸಕಲೇಶಪುರದ ಕಡೆ ಉದ್ಘಾಟನೆ ಆಗಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ಈ ನಡುವೆ ನಮಗೆ ಬಂದಿದ್ದು ಎಚ್‌.ಎನ್. ವ್ಯಾಲಿ ನೀರು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ದಿನಕ್ಕೆ 210 ದಶಲಕ್ಷ ಲೀಟರಿನಂತೆ 65 ಕೆರೆಗಳಿಗೆ ತುಂಬಿಸುವ ಯೋಜನೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿ ವರ್ಷಗಳಿಂದ ಕೇಳುತ್ತಲೇ ಇದೆ.

ಇದನ್ನು ನಗರದ ಗೆಳೆಯರಿಗೂ ಹೇಳಬೇಕು. ನೀವು 'ಲೇಕ್ ವ್ಯೂ' ಅಂತ ದುಡ್ಡು ಕೊಟ್ಟು ನೋಡುವ ಕೆರೆ ಇಂಥ ಕೆರೆಗಳಲ್ಲಿ ಒಂದಾಗಿದ್ದರೆ, ಅದರಲ್ಲಿರುವುದು ನಿಮ್ಮದೇ ಮನೆಯಿಂದ ಹೊರಟ ನೀರು. ಅದನ್ನು ನಂಬಿ ನಾವು ರಾಗಿ, ಜೋಳ, ಟೊಮ್ಯಾಟೊ ಬೆಳೆಯುತ್ತೇವೆ, ಹಸು ಸಾಕುತ್ತೇವೆ. ಮತ್ತೆ ಅದರ ದಡದಲ್ಲೇ ಶೌಚಾಲಯ ಕಟ್ಟಿಸಿಕೊಂಡು ಎರಡನೇ ಸಲ ಹೊಲಸು ಮಾಡುವ ಹಕ್ಕು ಬುಕಿಂಗ್ ರಸೀದಿಯಲ್ಲಿ ಇರುವುದಿಲ್ಲ.

ಕಾಡಿನ ವಿಚಾರವೂ ಹೀಗೇ. ಜಾಹೀರಾತಿನಲ್ಲಿ ಕಾಡು ಅಂತ ತೋರಿಸುವುದರಲ್ಲಿ ಅರ್ಧ ನೀಲಗಿರಿ ತೋಪು. ನಿಜವಾದ ಕುರುಚಲು ಕಾಡು, ಹುಲ್ಲುಗಾವಲು ಅವರ ಕಣ್ಣಿಗೆ ಬಂಜರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿ ಹೋಗಿ ನೋಡಿ. ಬರೀ ಹುಲ್ಲು ಕಾಣುವ ಆ ಬಯಲು ಕೃಷ್ಣಮೃಗಗಳ ಮನೆ, ಜಯಮಂಗಲಿ ಸಂರಕ್ಷಣಾ ಮೀಸಲು ಅಂತ ಸರ್ಕಾರವೇ ಘೋಷಿಸಿದೆ. ಬೇಸಿಗೆಯಲ್ಲಿ ನಮ್ಮ ಬೆಟ್ಟಗಳ ಹುಲ್ಲು ಕಡ್ಡಿ ಗೀರಿದರೆ ಹತ್ತಿಕೊಳ್ಳುತ್ತದೆ. ಅಂಥ ಕಡೆ ಕ್ಯಾಂಪ್‌ಫೈರ್ ಹಾಕಿ ಹಾಡುವವರು ಭಾನುವಾರ ಹೊರಟುಹೋಗುತ್ತಾರೆ. ಸೋಮವಾರ ಕುರಿ ಮೇಯಿಸಲು ಹೋಗುವವರು ನಾವು.

ಇಷ್ಟು ಓದಿ ಊರಿನ ಹುಡುಗರು ನಮ್ಮನ್ನು ಬೈಯಬಹುದು. 'ಅಣ್ಣ, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಯಾವಾಗ ತೆಗೀತಾರೋ ಗೊತ್ತಿಲ್ಲ. ಊರಲ್ಲೇ ಹತ್ತು ಜನಕ್ಕೆ ಕೆಲಸ ಸಿಗೋದನ್ನ ಯಾಕೆ ತಪ್ಪಿಸ್ತೀರಾ?' ಈ ಪ್ರಶ್ನೆಗೆ ತೂಕ ಇದೆ. ಬೋರ್‌ವೆಲ್ ಬತ್ತಿದ ಎರಡು ಎಕರೆಗೆ ತಿಂಗಳು ತಿಂಗಳು ಬಾಡಿಗೆ ಬರುವುದಾದರೆ ಬೇಡ ಅನ್ನಲು ನಾವು ಯಾರು? ಹೊರಗಿನವರು ಬಂದು ನಮ್ಮ ರಾಗಿಮುದ್ದೆ, ಅವರೆಕಾಳು ಸಾರು ತಿಂದು ದುಡ್ಡು ಕೊಟ್ಟು ಹೋಗಲಿ, ವಿದುರಾಶ್ವತ್ಥಕ್ಕೆ ಹೋಗಿ 1938ರ ಏಪ್ರಿಲ್ 25ರಂದು ಧ್ವಜಕ್ಕಾಗಿ ಗುಂಡೇಟು ತಿಂದವರಿಗೆ ಕೈ ಮುಗಿಯಲಿ. ಅಂಥ ಪ್ರವಾಸ ಬೇಕು ಅಂತಲೇ ನಾವು ಹೇಳುವುದು.

ಆದರೆ ಅನುಮತಿ ಇಲ್ಲದೆ ಎದ್ದ ವ್ಯಾಪಾರದ ಗತಿ ಏನಾಗುತ್ತದೆ ಅಂತ ಹಂಪಿ ಕಡೆ ನೋಡಿ. ತುಂಗಭದ್ರೆಯ ಮಧ್ಯದ ವಿರೂಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ನಡೆದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಮಾರ್ಚ್‌ನಲ್ಲಿ ಕೆಡವಿದರು. ಅದನ್ನೇ ನಂಬಿಕೊಂಡಿದ್ದ ಅಡುಗೆಯವರು, ಆಟೋದವರು, ಅಂಗಡಿಯವರ ಕೆಲಸವೂ ಜೊತೆಗೇ ಹೋಯಿತು. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಕಾಲುವೆ ಹತ್ತಿರ ಪ್ರವಾಸಿಗರ ಮೇಲೆ ದೌರ್ಜನ್ಯ ನಡೆದು ಒಬ್ಬ ಯುವಕ ಕಾಲುವೆಯಲ್ಲಿ ಸತ್ತ ಮೇಲೆ, ಹೋಮ್‌ಸ್ಟೇಗಳಿಗೆ ಪರವಾನಗಿ ಇದೆಯಾ ಅಂತ ಹುಡುಕಾಟ ಶುರುವಾಯಿತು. ಹುಡುಗರಿಗೆ ಕೆಲಸ ಉಳಿಯಬೇಕಾದರೂ ಕಾಗದ ಮೊದಲೇ ಸರಿ ಇರಬೇಕು.

ಹಾಗಾಗಿ ನಿಮ್ಮ ಊರಿಗೆ ಟೆಂಟಿನವರು ಬಂದರೆ ಗ್ರಾಮಸಭೆಯಲ್ಲಿ ಈ ಐದು ಪ್ರಶ್ನೆ ಕೇಳಿ.

ಒಂದು, ಜಾಗ ಯಾವುದು? ಸರ್ವೆ ನಂಬರ್ ಹೇಳಲಿ. ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ನಿಮ್ಮ ಮೊಬೈಲ್‌ನಲ್ಲೇ ಗೊತ್ತಾಗುತ್ತದೆ. ಗೋಮಾಳವೋ, ಕೆರೆ ಅಂಗಳವೋ, ರಾಜಕಾಲುವೆಯೋ ಪಹಣಿ ತೆಗೆಸಿ ನೋಡಿ. ಕೃಷಿ ಜಮೀನಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗಿದೆಯಾ ಕೇಳಿ.

ಎರಡು, ನೀರು ಎಲ್ಲಿಂದ? ಹೊಸ ಬೋರ್‌ವೆಲ್ ಆದರೆ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅನುಮತಿ ಪತ್ರ ತೋರಿಸಲಿ. ಈಜುಕೊಳ ಬೇಡ ಅಂತ ನೇರವಾಗಿ ಹೇಳಿ.

ಮೂರು, ಬಚ್ಚಲ ನೀರು, ಕಕ್ಕಸು, ಕಸ ಎಲ್ಲಿಗೆ? ಕೆರೆಗೆ ಹೊಲಸು ಬಿಡುವುದನ್ನು, ಒತ್ತುವರಿ ಮಾಡುವುದನ್ನು 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ತಡೆಯುತ್ತದೆ. ಗುಂಡಿ ಎಲ್ಲಿ ತೋಡುತ್ತಾರೆ, ಕೆರೆಯಿಂದ ಎಷ್ಟು ದೂರ ಅಂತ ನಕ್ಷೆಯಲ್ಲಿ ಗುರುತು ಹಾಕಿಸಿ.

ನಾಲ್ಕು, ಬೆಂಕಿ ಮತ್ತು ಸದ್ದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಬೇಸಿಗೆಯಲ್ಲಿ ಬೆಂಕಿ ಬೇಡವೇ ಬೇಡ.

ಐದು, ಕರಾರು ಏನು? ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಹನ್ನೊಂದು ತಿಂಗಳ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಓದಿಸಿ ಕೇಳಿ. ಎಷ್ಟು ಜನ ಊರಿನವರಿಗೆ ಕೆಲಸ, ಎಷ್ಟು ಸಂಬಳ, ಹಾಲು, ತರಕಾರಿ ಯಾರ ಹತ್ತಿರ ಕೊಳ್ಳುತ್ತಾರೆ, ಎಲ್ಲ ಬರಹದಲ್ಲಿ ಇರಲಿ.

ಉತ್ತರಗಳನ್ನು ಪಿಡಿಒ ಅವರು ನಡಾವಳಿಯಲ್ಲಿ ಬರೆಯುವ ತನಕ ಎದ್ದು ಬರಬೇಡಿ. ಬರೆಯದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಬರೆಯಲು ಬಾರದಿದ್ದರೆ ನಾವು ಬರೆದುಕೊಡುತ್ತೇವೆ, ನಮ್ಮ ಕೆಲಸವೇ ಅದು.

ಕೆರೆ ಅಂಗಳದಲ್ಲಿ, ಗೋಮಾಳದಲ್ಲಿ ಈಗಾಗಲೇ ಟೆಂಟು ಎದ್ದಿದ್ದರೆ ಫೋಟೋ ಮತ್ತು ಸರ್ವೆ ನಂಬರ್ ಕಳಿಸಿ. ನಾವು ತಾಲ್ಲೂಕು ಕಚೇರಿಯಲ್ಲಿ ದಾಖಲೆ ನೋಡಿ, ಎರಡೂ ಕಡೆಯವರನ್ನು ಕೇಳಿ ಬರೆಯುತ್ತೇವೆ. ಅದಕ್ಕೂ ಮೊದಲು, ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಅಂತ ನಾಳೆ ಪಂಚಾಯ್ತಿ ಕಚೇರಿಗೆ ಹೋಗಿ ವಿಚಾರಿಸಿ. ಹೋಗುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.