ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳು

ಎರೆ ಭೂಮಿಯ ಮೇಲೆ ಹಾಸಿದ ಡಾಂಬರು ರಸ್ತೆ ಬಹಳ ದಿನ ಸಮತಟ್ಟಾಗಿ ಇರುವುದಿಲ್ಲ. ಮಳೆಗಾಲದಲ್ಲಿ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ; ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಗುಣವೇ ಅದು. ಹಾಳೆ ಹಾಳೆಯಾಗಿರುವ ಅದರ ಕಣಗಳ ನಡುವೆ ನೀರು ಸೇರಿದರೆ ಹಿಗ್ಗುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಮೇಲಿನ ರಸ್ತೆಯೂ ಅದರೊಡನೆ ಏಳುತ್ತದೆ, ಬೀಳುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಎರೆ ಸೀಮೆಯಲ್ಲಿ ಓಡಾಡುವವರು ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ, ಅವರ ಬೆನ್ನುಮೂಳೆಯೇ ಹೇಳುತ್ತದೆ. ಸಾಲದ್ದಕ್ಕೆ ಊರ ಮುಂದೆ, ಶಾಲೆಯ ಮುಂದೆ, ಗುಡಿಯ ಮುಂದೆ ಹಂಪುಗಳು.

ಮುದನಾಳದಂಥ ಊರಿಗೆ ಪೇಟೆಯಿಂದ ಒಂದು ಹಳೆಯ ಸಣ್ಣ ಕಾರು ಬಂದರೆ ಮನೆಯವರ ಮೊದಲ ದೂರು ಏನಿರುತ್ತದೆ? ‘ಹೊಟ್ಟೆ ತಾಗುತ್ತದೆ.’ ಆಗ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುರುಕಿಸಿ, ಮೇಲೊಂದು ದಪ್ಪ ಬಿಲ್ಲೆ ಇಡಿಸಿ, ದೊಡ್ಡ ಟೈರು ಹಾಕಿಸಿ. ಇತ್ತ ಅದೇ ಮನೆಯ ಕಾಲೇಜು ಹುಡುಗನ ಆಸೆ ಬೇರೆ. ಸ್ಪ್ರಿಂಗನ್ನು ಒಂದು ಸುತ್ತು ಕತ್ತರಿಸಿ, ರೇಸಿನ ಕಾರಿನಂತೆ ನೆಲಕ್ಕೆ ಕೂರಿಸಬೇಕು ಎಂಬುದು ಅವನ ಹಟ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು! ಆದರೆ ತಂದೆಯ ಬೇಡಿಕೆಯ ಹಿಂದೆಯೂ ಮಗನ ಬೇಡಿಕೆಯ ಹಿಂದೆಯೂ ಇರುವ ವಿಜ್ಞಾನ ಒಂದೇ. ಅದು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ತೂಗುಹಾಕಿದ ಸ್ಪ್ರಿಂಗಿನಲ್ಲೇ ಇದೆ.

ಮೊದಲು ಹಂಪಿನ ಲೆಕ್ಕ ನೋಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಎತ್ತರ 10 ಸೆಂಟಿಮೀಟರ್, ಉದ್ದ 3.7 ಮೀಟರ್. ಅದು 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ದಾಟಲೆಂದು ರೂಪಿಸಿದ್ದು. (ಹತ್ತನೆಯ ತರಗತಿಯವರು ಪೈಥಾಗೊರಸ್ ಪ್ರಮೇಯ ಬಳಸಿ ಈ ಮೂರು ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬಹುದು.) ಇಂಥ ಹಂಪಿಗೆ ಯಾವ ಕಾರಿನ ಹೊಟ್ಟೆಯೂ ತಾಗದು. ತೊಂದರೆ ಇರುವುದು ಊರವರೇ ರಾತ್ರೋರಾತ್ರಿ ಸುರಿದ, ಅರ್ಧ ಮೀಟರ್ ಅಗಲದ, ಗೋಡೆಯಂತೆ ನಿಂತ ಉಬ್ಬುಗಳಲ್ಲಿ. ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನ ಚಕ್ರ ಇನ್ನೂ ಏರಿರುವುದಿಲ್ಲ. ಉಬ್ಬು ಪೂರ್ತಿಯಾಗಿ ಹೊಟ್ಟೆಯ ಕೆಳಗೇ ಇರುತ್ತದೆ. ಉಬ್ಬಿನ ಎತ್ತರ 15 ಸೆಂಟಿಮೀಟರ್, ಖಾಲಿ ಕಾರಿನ ಹೊಟ್ಟೆಯ ಎತ್ತರ 16.5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಚಾಲಕ ಒಬ್ಬನೇ ಇದ್ದಾಗ ಕಾರು ಪಾರಾಗುತ್ತದೆ. ಹಿಂದೆ ಮೂವರು ಕುಳಿತರೋ, ಕರಕರ ಸದ್ದು!

ಎಷ್ಟು ಕುಸಿಯಿತು ಎಂಬುದನ್ನು ಸ್ಪ್ರಿಂಗ್ ತಾನೇ ಹೇಳುತ್ತದೆ. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ 1678ರಲ್ಲಿ ಪ್ರಕಟಿಸಿದ ನಿಯಮದಂತೆ, ಹೊರೆ ಎರಡರಷ್ಟಾದರೆ ಸ್ಪ್ರಿಂಗಿನ ಕುಗ್ಗುವಿಕೆಯೂ ಎರಡರಷ್ಟು. ಒಂದು ಸಣ್ಣ ಕಾರಿನ ಹಿಂದಿನ ಒಂದೊಂದು ಸ್ಪ್ರಿಂಗೂ 20 ಕಿಲೋ ಹೊರೆಗೆ 1 ಸೆಂಟಿಮೀಟರ್ ಕುಗ್ಗುತ್ತದೆ ಎನ್ನೋಣ. ಹಿಂದಿನ ಸೀಟಿನ ಮೂವರ ತೂಕ 180 ಕಿಲೋ. ಅದು ಬಹುಮಟ್ಟಿಗೆ ಹಿಂದಿನ ಎರಡು ಚಕ್ರಗಳ ಮೇಲೆಯೇ ಬೀಳುವುದರಿಂದ ಒಂದೊಂದಕ್ಕೆ 90 ಕಿಲೋ. ಅಂದರೆ ಕಾರಿನ ಹಿಂಭಾಗ ನಾಲ್ಕೂವರೆ ಸೆಂಟಿಮೀಟರ್, ನಡುಭಾಗ ಎರಡು ಎರಡೂವರೆ ಸೆಂಟಿಮೀಟರ್ ಕೆಳಗಿಳಿಯುತ್ತದೆ. ಉಬ್ಬಿಗೆ ಅಷ್ಟೇ ಸಾಕು.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿಬಿಟ್ಟರಾಯಿತಲ್ಲ ಎನ್ನುತ್ತೀರಿ. ಇಲ್ಲೇ ಗುಟ್ಟು ಇರುವುದು. ಸ್ಪ್ರಿಂಗಿಗೆ ಎರಡು ಕೆಲಸ. ಒಂದು, ಕಾರನ್ನು ಎತ್ತಿ ಹಿಡಿಯುವುದು. ಇನ್ನೊಂದು, ರಸ್ತೆಯ ಕುಲುಕಾಟ ನಮ್ಮ ಮೈಗೆ ಬಾರದಂತೆ ನುಂಗಿಕೊಳ್ಳುವುದು. ತನ್ನ ಮೇಲಿನ ಹೊರೆಗೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಗ್ಗಿ ನಿಂತಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಕಾರು ಒಂದು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ನಮ್ಮ ಕಾರಿನ ಹಿಂಭಾಗದಲ್ಲಿ ಒಂದು ಸ್ಪ್ರಿಂಗಿನ ಮೇಲೆ ಖಾಲಿ ಇದ್ದಾಗ 160 ಕಿಲೋ ಇದ್ದರೆ ಕುಗ್ಗುವಿಕೆ 8 ಸೆಂಟಿಮೀಟರ್. ತೂಗಾಟ ಸೆಕೆಂಡಿಗೆ 1.77 ಸಲ. ಮೂವರು ಕುಳಿತಾಗ 250 ಕಿಲೋ, ಕುಗ್ಗುವಿಕೆ 12.5 ಸೆಂಟಿಮೀಟರ್, ತೂಗಾಟ 1.41 ಸಲ. ಸೆಕೆಂಡಿಗೆ ಒಂದರಿಂದ ಒಂದೂವರೆ ಸಲದ ತೂಗಾಟ ಮೈಗೆ ಹಿತ. ಅದು ಏರಿದಷ್ಟೂ ಕುಲುಕು ಹೆಚ್ಚು. ಒಬ್ಬರೇ ಕುಳಿತ ಜೀಪು ಎತ್ತೆತ್ತಿ ಹಾಕುವುದೂ ಹತ್ತು ಜನ ತುಂಬಿದ ಜೀಪು ಮೆತ್ತಗೆ ತೇಲುವುದೂ ಇದರಿಂದಲೇ.

ಇನ್ನು ಎತ್ತರ ಬದಲಿಸುವ ಒಂದೊಂದು ಉಪಾಯವನ್ನೂ ಈ ಒರೆಗಲ್ಲಿಗೆ ಉಜ್ಜಿ ನೋಡೋಣ.

ಸುರುಳಿಗಳ ನಡುವೆ ರಬ್ಬರ್ ತುರುಕುವುದು: ಇದರಿಂದ ಆ ಸುರುಳಿ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ಕೆಲಸ ಮಾಡುವ ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ. ಎಂಟು ಸುರುಳಿಯಲ್ಲಿ ಒಂದು ನಿಂತರೆ ಸ್ಪ್ರಿಂಗ್ ಸುಮಾರು ಶೇಕಡಾ 14ರಷ್ಟು ಬಿರುಸಾಗುತ್ತದೆ. ಎತ್ತರ ಸಿಕ್ಕಿತು, ಹಿತ ಹೋಯಿತು. ಜೊತೆಗೆ ಉಳಿದ ಸುರುಳಿಗಳ ಮೇಲೆ ಒತ್ತಡ ಹೆಚ್ಚಿತು.

ಸ್ಪ್ರಿಂಗ್ ಕತ್ತರಿಸುವುದು: ಲೆಕ್ಕ ಅದೇ, ಎಂಟರಲ್ಲಿ ಒಂದು ಹೋದರೆ ಶೇಕಡಾ 14 ಬಿರುಸು. ಆದರೆ ಇಲ್ಲಿ ಕಾರು ಕೆಳಗಿಳಿದಿದೆ, ಚಕ್ರ ಮೇಲೇಳಲು ಜಾಗ ಕಡಿಮೆಯಾಗಿದೆ. ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಟ್ಟು ಕದಲಬಹುದು. ಎರೆ ಸೀಮೆಯ ರಸ್ತೆಗೆ ಇದಕ್ಕಿಂತ ಕೆಟ್ಟ ಉಪಾಯವಿಲ್ಲ.

ಸ್ಪ್ರಿಂಗಿನ ಮೇಲೆ ಅಥವಾ ಕೆಳಗೆ ಬಿಲ್ಲೆ ಇಡುವುದು: ಸ್ಪ್ರಿಂಗ್ ಇದ್ದ ಹಾಗೇ ಇರುತ್ತದೆ, ಬಿರುಸು ಬದಲಾಗದು. ಆದರೆ ಜಾಗ ಎಲ್ಲಿಂದಲೋ ಬರಬೇಕಲ್ಲ? ಶಾಕ್ ಅಬ್ಸಾರ್ಬರಿನ ಉದ್ದ ಮೊದಲಿನಷ್ಟೇ. ಕಾರು ಒಂದೂವರೆ ಸೆಂಟಿಮೀಟರ್ ಎದ್ದರೆ, ಚಕ್ರ ಗುಂಡಿಯೊಳಕ್ಕೆ ಇಳಿಯಲು ಇದ್ದ ಅವಕಾಶ ಅಷ್ಟೇ ಕಡಿಮೆಯಾಗುತ್ತದೆ. ಉಬ್ಬಿನ ಲಾಭ ಗುಂಡಿಗೆ ನಷ್ಟ.

ದೊಡ್ಡ ಟೈರು: ಸಣ್ಣ ಕಾರಿನ ಟೈರಿನ ಮೇಲೆ 145/80 ಆರ್ 12 ಎಂಬ ಬರಹವನ್ನು ನೋಡಿರಬಹುದು. 145 ಮಿಲಿಮೀಟರ್ ಅಗಲ, ಅದರ ಶೇಕಡಾ 80, ಅಂದರೆ 116 ಮಿಲಿಮೀಟರ್ ಪಕ್ಕೆಯ ಎತ್ತರ, 12 ಇಂಚಿನ ರಿಮ್. ಅದರ ಬದಲು 155/80 ಹಾಕಿದರೆ ಪಕ್ಕೆ 124 ಮಿಲಿಮೀಟರ್. ಕಾರು ಏರುವುದು ಬರೀ 8 ಮಿಲಿಮೀಟರ್. ಆದರೆ ಚಕ್ರದ ಸುತ್ತಳತೆ ಶೇಕಡಾ 3ರಷ್ಟು ಹೆಚ್ಚುವುದರಿಂದ ಸ್ಪೀಡೋಮೀಟರ್ ಮೊದಲಿಗಿಂತ ಅಷ್ಟು ಕಡಿಮೆ ತೋರಿಸುತ್ತದೆ. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ಎಂದೂ ನೋಡಬೇಕು.

ಬಿರುಸು ಬದಲಿಸದೆ ಎತ್ತರವನ್ನು ನವಿರಾಗಿ ಹೊಂದಿಸುವ ಜಾಣತನವನ್ನು ಹಳೆಯ ಎಂಜಿನಿಯರುಗಳು ಕಾರಿನೊಳಗೇ ಇಟ್ಟಿದ್ದರು. 2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಡರ್ ಕಾರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇರಲಿಲ್ಲ. ತಿರುಚಿಕೊಳ್ಳುವ ಉಕ್ಕಿನ ಸರಳು ಇತ್ತು. ಟಾರ್ಷನ್ ಬಾರ್ ಎಂದು ಅದರ ಹೆಸರು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದೆಯೂ ಅಂಥದೇ ಸರಳು. ಬೀಟಲ್ಲಿನ ಸರಳಿನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44 ಹಲ್ಲು. ಏಕೆ ಈ ವ್ಯತ್ಯಾಸ? ಒಳತುದಿಯನ್ನು ಒಂದು ಹಲ್ಲು ಸರಿಸಿದರೆ 9 ಡಿಗ್ರಿ. ಹೊರತುದಿಯನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿದರೆ 8.18 ಡಿಗ್ರಿ. ಎರಡನ್ನೂ ಮಾಡಿದರೆ ಉಳಿಯುವುದು 0.82 ಡಿಗ್ರಿ. ಅರ್ಧ ಮೀಟರ್ ಉದ್ದದ ತೋಳಿನ ತುದಿಯಲ್ಲಿ 9 ಡಿಗ್ರಿ ಎಂದರೆ ಸುಮಾರು 8 ಸೆಂಟಿಮೀಟರ್, 0.82 ಡಿಗ್ರಿ ಎಂದರೆ 7 ಮಿಲಿಮೀಟರ್ ಮಾತ್ರ! ವಿದ್ಯಾರ್ಥಿಗಳೇ, ಇದನ್ನು ಎಲ್ಲಿ ನೋಡಿದ್ದೀರಿ ಹೇಳಿ? ನಿಮ್ಮ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನಲ್ಲಿ. ಎರಡು ಒರಟು ಅಳತೆಗಳ ವ್ಯತ್ಯಾಸದಿಂದ ಒಂದು ನಯವಾದ ಅಳತೆಯನ್ನು ಹೊರಡಿಸುವ ಅದೇ ತತ್ವ.

ಈಗ ತಂದೆತಾಯಿಯರು ಗಮನಿಸಬೇಕಾದ ಮಾತು. ಎತ್ತರದ ಬದಲಾವಣೆ ಹೊಟ್ಟೆ ತಾಗುವುದಕ್ಕಷ್ಟೇ ಸಂಬಂಧಿಸಿದ್ದಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಇರುವ ಕಾರಿನ ಹಿಂಭಾಗ ನಾಲ್ಕೂವರೆ ಸೆಂಟಿಮೀಟರ್ ಇಳಿದರೆ ಹೆಡ್‌ಲೈಟಿನ ಬೆಳಕು ಮೇಲಕ್ಕೆ ಏಳುತ್ತದೆ. ಎಷ್ಟು? ಐವತ್ತು ಮೀಟರ್ ದೂರದಲ್ಲಿ ಹೆಚ್ಚುಕಡಿಮೆ 94 ಸೆಂಟಿಮೀಟರ್. ರಸ್ತೆಗೆ ಬೀಳಬೇಕಾದ ಬೆಳಕು ಎದುರಿನಿಂದ ಬರುವ ಬೈಕಿನವನ ಕಣ್ಣಿಗೆ ಬೀಳುತ್ತದೆ. ಅವನಿಗೆ ರಸ್ತೆಯಂಚೂ ಕಾಣದು, ದೀಪವಿಲ್ಲದ ಎತ್ತಿನ ಗಾಡಿಯೂ ಕಾಣದು. ಹಲವು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಸೊನ್ನೆಯಿಂದ ಮೂರರವರೆಗೆ ಅಂಕಿ ಇರುವ ಒಂದು ಪುಟ್ಟ ತಿರುಗುಣಿ ಇರುತ್ತದೆ. ಅದು ಇರುವುದೇ ಇದಕ್ಕೆ: ಹಿಂದೆ ಹೊರೆ ಹೆಚ್ಚಿದಾಗ ಬೆಳಕನ್ನು ಕೆಳಗಿಳಿಸಲು. ಎಷ್ಟೋ ಮನೆಗಳಲ್ಲಿ ಅದನ್ನು ಮುಟ್ಟಿದವರೇ ಇಲ್ಲ.

ಇನ್ನೊಂದು, ಮಗುಚುವ ಭಯ. ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಕಾರಿನ ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಅಂಕಿಯನ್ನು ಅಮೆರಿಕದ ಸರ್ಕಾರಿ ಸುರಕ್ಷತಾ ಸಂಸ್ಥೆ ಸ್ಥಿರತೆಯ ಅಳತೆಯಾಗಿ ಬಳಸುತ್ತದೆ. ಅಂತರ 1.3 ಮೀಟರ್, ಗುರುತ್ವಕೇಂದ್ರ 55 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅಂಕಿ 1.18. ಕಾರನ್ನು 3 ಸೆಂಟಿಮೀಟರ್ ಎತ್ತಿದರೆ 1.12. ಮಾವಿನ ಬುಟ್ಟಿಗಳನ್ನು ಮಾಡಿನ ಮೇಲೆ ಕಟ್ಟಿದರೆ ಇನ್ನೂ ಕಡಿಮೆ. ಅಂಕಿ ಇಳಿದಷ್ಟೂ ತಿರುವಿನಲ್ಲಿ ಮಗುಚುವುದು ಸುಲಭ. ಉಬ್ಬಿನ ಮೇಲೆ ಒಂದು ಕ್ಷಣ ಸದ್ದಾಗದಿರಲೆಂದು ಉಳಿದ ದಾರಿಯುದ್ದಕ್ಕೂ ಸ್ಥಿರತೆಯನ್ನು ಮಾರಿಕೊಂಡಂತೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ.

ಹಾಗಾದರೆ ಮುದನಾಳದ ಆ ಮನೆಯವರು ಏನು ಮಾಡಬೇಕು? ಮೊದಲು ಅಳೆಯಬೇಕು. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಟೈರಿಗೆ ಸರಿಯಾದಷ್ಟು ಗಾಳಿ ತುಂಬಿ, ನಾಲ್ಕೂ ಮೂಲೆಗಳನ್ನು ಎರಡು ಮೂರು ಸಲ ಒತ್ತಿ ಬಿಡಿ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ನಾಲ್ಕು ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತೂಕ ಗೊತ್ತಿರುವ ಮೂವರನ್ನು ಹಿಂದೆ ಕೂರಿಸಿ ಮತ್ತೆ ಅಳೆಯಿರಿ. ಈ ಕೆಲಸವನ್ನು ಮಕ್ಕಳಿಗೇ ಬಿಡಿ. ಹುಕ್‌ನ ನಿಯಮ ಪರೀಕ್ಷೆಯ ಆಚೆಗೂ ಮರೆಯದು. ಎಡಕ್ಕೂ ಬಲಕ್ಕೂ ಒಂದು ಬೆರಳಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗ್ ದಣಿದಿರುವ ಸಾಧ್ಯತೆ ಹೆಚ್ಚು. ಹಳೆಯ ಕಾರಿನಲ್ಲಿ ಎರಡೂ ಬದಿ ದಣಿದಿರಬಹುದು. ಆಗ ಬೇಕಾದದ್ದು ರಬ್ಬರಲ್ಲ, ಬಿಲ್ಲೆಯಲ್ಲ; ಅದೇ ಮಾದರಿಯ ಹೊಸ ಸ್ಪ್ರಿಂಗ್ ಜೋಡಿ. ಕಳೆದುಹೋದ ಎತ್ತರ ಅದರಿಂದಲೇ ಮರಳುತ್ತದೆ. ಒಂದು ಎಚ್ಚರಿಕೆ: ಅಳತೆ ಮನೆಯ ಕೆಲಸ, ಬಿಚ್ಚುವುದು ಮೆಕ್ಯಾನಿಕ್ಕನ ಕೆಲಸ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯಬಲ್ಲದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಸ್ಪ್ರಿಂಗ್ ಬದಲಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟನ್ನೂ ಹೆಡ್‌ಲೈಟನ್ನೂ ಹೊಂದಿಸಿಕೊಂಡೇ ಮನೆಗೆ ಬರಬೇಕು.

ಸ್ಪ್ರಿಂಗ್ ಚೆನ್ನಾಗಿದ್ದೂ ಹೊಟ್ಟೆ ತಾಗುತ್ತದೆಯೇ? ಆಗ ಹಂಪಿನ ಬಳಿ ಹಿಂದಿನ ಮೂವರು ಇಳಿದು ಹತ್ತು ಹೆಜ್ಜೆ ನಡೆದರೆ ಸಾಕು, ಕಾರಿನ ನಡುಭಾಗ ಒಂದು ಬೆರಳಿಗಿಂತ ಹೆಚ್ಚು ತಾನಾಗಿ ಮೇಲೇಳುತ್ತದೆ. ಇದಕ್ಕೆ ಖರ್ಚಿಲ್ಲ, ಕಾನೂನಿನ ತೊಡಕಿಲ್ಲ. ಜೊತೆಗೆ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ: ಹಂಪು ಬೇಕು, ಆದರೆ 10 ಸೆಂಟಿಮೀಟರ್ ಎತ್ತರದ, 3.7 ಮೀಟರ್ ಉದ್ದದ ಹಂಪು ಬೇಕು ಎಂದು. ಅರ್ಜಿಯ ಜೊತೆ ಲಗತ್ತಿಸಲು ಈಗಿನ ಉಬ್ಬಿನ ಅಳತೆಯನ್ನು ಊರಿನ ಶಾಲೆಯ ಮಕ್ಕಳು ತೆಗೆದುಕೊಟ್ಟಾರು.